ಬಿಸಿಲಿನ ಎಚ್ಚರಿಕೆ ಮತ್ತು ದಿನಗೂಲಿ: ಉಷ್ಣ ಕ್ರಿಯಾಯೋಜನೆಗಳ ವಿಮರ್ಶೆ

2010ರ ಮೇ ತಿಂಗಳಲ್ಲಿ ಅಹಮದಾಬಾದಿನ ಉಷ್ಣಾಂಶ 46.8 ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು. ಆ ತಿಂಗಳು ನಗರದಲ್ಲಿ 4,462 ಸಾವುಗಳು ದಾಖಲಾದವು. 2009 ಮತ್ತು 2011ರ ಮೇ ತಿಂಗಳ ಸರಾಸರಿಗಿಂತ ಇದು 1,344ರಷ್ಟು ಹೆಚ್ಚು. ಬಿಸಿಲಿನಿಂದ ಸತ್ತವರ ಮರಣಪತ್ರದಲ್ಲಿ ಬಿಸಿಲಿನ ಹೆಸರು ಬರುವುದು ಅಪರೂಪ. ಹೃದಯಾಘಾತವೆಂದೋ ಮೂತ್ರಪಿಂಡದ ವೈಫಲ್ಯವೆಂದೋ ಬರೆದು ಕಡತ ಮುಚ್ಚುತ್ತಾರೆ. ಆದ್ದರಿಂದ ಹೀಗೆ ಒಟ್ಟು ಸಾವುಗಳನ್ನು ಹೋಲಿಸಿ ನೋಡದ ಹೊರತು ಈ ದುರಂತ ಲೆಕ್ಕಕ್ಕೇ ಸಿಗುವುದಿಲ್ಲ. ಪ್ರವಾಹ, ಚಂಡಮಾರುತಗಳಿಗೆ ಸಿಗುವ ಗಮನ ಬಿಸಿಗಾಳಿಗೆ ಸಿಗದಿರುವುದಕ್ಕೆ ಇದು ಮುಖ್ಯ ಕಾರಣ.

ಈ ಅನುಭವದಿಂದ ಎಚ್ಚೆತ್ತ ಅಹಮದಾಬಾದ್ ಮಹಾನಗರಪಾಲಿಕೆ, ಗಾಂಧಿನಗರದ ಭಾರತೀಯ ಸಾರ್ವಜನಿಕ ಆರೋಗ್ಯ ಸಂಸ್ಥೆ ಮೊದಲಾದವುಗಳ ಜೊತೆಗೂಡಿ 2013ರಲ್ಲಿ ಉಷ್ಣ ಕ್ರಿಯಾಯೋಜನೆಯನ್ನು ಜಾರಿಗೆ ತಂದಿತು. ಮುನ್ಸೂಚನೆಯ ಪ್ರಕಾರ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಹೊರಡಿಸುವುದು, ಆರೋಗ್ಯ ಸಿಬ್ಬಂದಿಗೆ ತರಬೇತಿ, ಕುಡಿಯುವ ನೀರಿನ ಅರವಟ್ಟಿಗೆಗಳು, ಬಡವರ ಮನೆಗಳ ಛಾವಣಿಗೆ ಬಿಳಿ ಸುಣ್ಣ ಬಳಿಯುವ ಕೆಲಸ ಕ್ರಮೇಣ ಅದರ ಭಾಗವಾದವು. ವರ್ಷಕ್ಕೆ ಸರಾಸರಿ 1,190 ಸಾವುಗಳು ತಪ್ಪಿವೆ ಎಂದು 2018ರ ಒಂದು ಅಧ್ಯಯನ ಅಂದಾಜು ಮಾಡಿತು. ಈ ಅಂದಾಜಿನ ಅನಿಶ್ಚಿತತೆಯ ವ್ಯಾಪ್ತಿ ದೊಡ್ಡದು. ಹಾಗಾಗಿ ಸಂಖ್ಯೆಗಿಂತ ಆ ಕೆಲಸ ನಡೆದ ಬಗೆಯಿಂದ ಕಲಿಯುವುದು ಹೆಚ್ಚಿದೆ.

ಅದಕ್ಕೆ ನಗರದ ಶಾರದಾಬೆನ್ ಆಸ್ಪತ್ರೆಯೇ ಸಾಕ್ಷಿ. ಅಲ್ಲಿ ಬಾಣಂತಿಯರ ವಾರ್ಡು ಹವಾನಿಯಂತ್ರಣವಿಲ್ಲದ ಮೇಲಿನ ಮಹಡಿಯಲ್ಲಿತ್ತು. ದಿನವಿಡೀ ಕಾದ ತಾರಸಿ ರಾತ್ರಿಯೂ ಕೆಳಕ್ಕೆ ಬಿಸಿ ಉಗುಳುತ್ತಿತ್ತು. ಹಸುಗೂಸುಗಳಿಗೆ ಮೈಬಿಸಿಯನ್ನು ಹತೋಟಿಯಲ್ಲಿಡುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಎಷ್ಟೋ ಶಿಶುಗಳನ್ನು ತೀವ್ರ ನಿಗಾ ಘಟಕಕ್ಕೆ ಒಯ್ಯಬೇಕಾಯಿತು. ದಾಖಲೆಗಳನ್ನು ಪರಿಶೀಲಿಸಿದ ವೈದ್ಯರಿಗೆ ಇದರ ಕಾರಣ ತಿಳಿಯಿತು. ವಾರ್ಡನ್ನು ಕೆಳಗಿನ ಮಹಡಿಗೆ ಸ್ಥಳಾಂತರಿಸಿದ ಮೇಲೆ ಬಿಸಿಯಿಂದಾಗಿ ಘಟಕಕ್ಕೆ ಸೇರಿಸಬೇಕಾದ ಶಿಶುಗಳ ಪ್ರಮಾಣ ಗಣನೀಯವಾಗಿ ಇಳಿಯಿತು. ಹೊಸ ಕಟ್ಟಡ, ಹೊಸ ಯಂತ್ರ ಯಾವುದೂ ಬೇಕಾಗಲಿಲ್ಲ. ಯಾರು, ಯಾವ ಛಾವಣಿಯ ಕೆಳಗೆ, ಯಾವ ಹೊತ್ತಿನಲ್ಲಿ ಬೇಯುತ್ತಿದ್ದಾರೆ ಎಂದು ಹುಡುಕಿದ್ದೇ ಇಲ್ಲಿನ ಮುಖ್ಯ ಸಾಧನೆ.

ನಂತರ ದೇಶದ ಹಲವೆಡೆ ಇಂಥ ಯೋಜನೆಗಳು ಬಂದವು. ಆದರೆ ಈ ಹುಡುಕಾಟ ಮಾತ್ರ ಅವುಗಳ ಜೊತೆ ಬರಲಿಲ್ಲ. ದೆಹಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್ 2023ರಲ್ಲಿ 18 ರಾಜ್ಯಗಳ 37 ಯೋಜನೆಗಳನ್ನು ಪರಿಶೀಲಿಸಿದಾಗ, ದುರ್ಬಲರು ಯಾರು, ಎಲ್ಲಿದ್ದಾರೆ ಎಂಬ ಮೌಲ್ಯಮಾಪನ ಸ್ಪಷ್ಟವಾಗಿ ಕಂಡದ್ದು ಎರಡರಲ್ಲಿ ಮಾತ್ರ. ಹಣದ ಮೂಲದ ಬಗ್ಗೆ ಮಾತಾಡಿದ್ದು 11 ಯೋಜನೆಗಳು.

ಕರ್ನಾಟಕದ ಮಟ್ಟಿಗೆ ಈ ಕೊರತೆ ಎಲ್ಲಕ್ಕಿಂತ ಹೆಚ್ಚಾಗಿ ತಟ್ಟುವುದು ಕಲಬುರಗಿ, ರಾಯಚೂರು, ಯಾದಗಿರಿಯ ಜನರಿಗೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಹೊಸತಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಬೇಸಿಗೆಗೆ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುವ ರೂಢಿ ಬಹುಕಾಲದಿಂದಿದೆ. ನನ್ನ ದೃಷ್ಟಿಯಲ್ಲಿ ಇದು ಬಹು ಮುಖ್ಯವಾದ ದಾಖಲೆ: ಮಧ್ಯಾಹ್ನದ ಬಿಸಿಲಲ್ಲಿ ಮನುಷ್ಯ ದುಡಿಯಲಾರ ಎಂಬುದನ್ನು ಸರ್ಕಾರ ಬರಹದಲ್ಲೇ ಒಪ್ಪಿಕೊಂಡಿದೆ. ಕಚೇರಿ ನೌಕರನ ವೇಳೆ ತಗ್ಗಿದರೂ ಸಂಬಳ ತಗ್ಗುವುದಿಲ್ಲ, ತಗ್ಗಲೂಬಾರದು. ಆದರೆ ಶಹಾಬಾದಿನ ಫರ್ಸಿ ಗಣಿಯಲ್ಲಿ ಕಲ್ಲು ಎಬ್ಬಿಸುವವನು, ಇಟ್ಟಿಗೆ ಭಟ್ಟಿಯಲ್ಲಿ ಮಣ್ಣು ಹೊರುವವಳು ಮಧ್ಯಾಹ್ನ ಕೈ ಬಿಟ್ಟರೆ ಆ ಹೊತ್ತಿನ ಕೂಲಿ ಹೋಯಿತು. ಸಂಜೆ ಅವರು ಮರಳುವುದು ಬಹುಪಾಲು ತಗಡಿನ ಮನೆಗೆ. ದಪ್ಪ ಮಣ್ಣಿನ ಮೇಲ್ಛಾವಣಿಯ ಹಳೆಯ ಮಾಳಿಗೆ ಮನೆ ಬಿಸಿಯನ್ನು ತಡೆಯುತ್ತಿತ್ತು. ತಗಡಿಗೆ ಆ ಗುಣವಿಲ್ಲ. ಹಗಲು ದಣಿದ ದೇಹ ರಾತ್ರಿಯೂ ತಣಿಯದಿದ್ದರೆ ಮರುದಿನದ ಅಪಾಯ ಹೆಚ್ಚುತ್ತದೆ. ಇಂಥವರಿಗೆ ಮಧ್ಯಾಹ್ನ 12ರಿಂದ 3ರವರೆಗೆ ಹೊರಗೆ ಹೋಗಬೇಡಿ ಎನ್ನುವ ಪ್ರಕಟಣೆಯಿಂದ ಏನು ಪ್ರಯೋಜನ? ಅವರಿಗೆ ಬಿಸಿಲಿನ ಅಪಾಯ ಗೊತ್ತಿಲ್ಲವೆಂದಲ್ಲ, ಮನೆಯಲ್ಲಿ ಉಳಿದರೆ ಒಲೆ ಹೊತ್ತುವುದಿಲ್ಲ.

ಕೂಲಿಯ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡದ್ದು ಅಸಂಘಟಿತ ಮಹಿಳಾ ಕಾರ್ಮಿಕರ ಸಂಘಟನೆ ಸೇವಾ. ಅದು 2023ರಲ್ಲಿ ಗುಜರಾತಿನ ಸುಮಾರು 21,000 ಮಹಿಳೆಯರಿಗೆ ಉಷ್ಣ ವಿಮೆಯ ಪ್ರಯೋಗ ಆರಂಭಿಸಿತು. ಉಷ್ಣಾಂಶ ನಿಗದಿತ ಮಿತಿ ದಾಟಿದರೆ ವೈಯಕ್ತಿಕ ನಷ್ಟದ ಪುರಾವೆ ಕೇಳದೆ ಖಾತೆಗೆ ಹಣ ಜಮೆಯಾಗುವ ಕ್ರಮವಿದು. ಮೊದಲ ವರ್ಷ ಆ ಮಿತಿ ಮುಟ್ಟದೆ ಹಣ ಬರಲಿಲ್ಲ. 2024ರಲ್ಲಿ ಯೋಜನೆ ರಾಜಸ್ಥಾನ, ಮಹಾರಾಷ್ಟ್ರಕ್ಕೂ ವಿಸ್ತರಿಸಿ ಸುಮಾರು 50,000 ಮಹಿಳೆಯರನ್ನು ಒಳಗೊಂಡಿತು, ಬಹುಪಾಲು ಸದಸ್ಯೆಯರಿಗೆ ಪರಿಹಾರವೂ ತಲುಪಿತು. ಮಿತಿಯನ್ನು ಎಲ್ಲಿ ಗೊತ್ತುಮಾಡಬೇಕು ಎಂಬುದೇ ಇದರ ಕಠಿಣ ಭಾಗ. ದೂರದ ಹವಾಮಾನ ಕೇಂದ್ರದ ಅಂಕಿಗೂ ತಗಡಿನ ಕೆಳಗಿನ ವಾಸ್ತವಕ್ಕೂ ಅಂತರವಿದ್ದೇ ಇರುತ್ತದೆ. ಇಡೀ ಭಾರವನ್ನು ವಿಮಾ ಕಂತಿನ ಮೇಲೆ ಹೊರಿಸುವುದೂ ನ್ಯಾಯವಲ್ಲ. ಬಿಸಿಲೇರಲು ಕಾರಣರಲ್ಲದವರೇ ಅದರ ಕಂತು ಕಟ್ಟಬೇಕಾಗುತ್ತದೆ.

ಸರ್ಕಾರಿ ಕೂಲಿ ಕಾಮಗಾರಿಗಳಲ್ಲಿ ಬೇಸಿಗೆಗೆ ಕೆಲಸದ ಪ್ರಮಾಣವನ್ನು ತಗ್ಗಿಸಿ ಪೂರ್ಣ ಕೂಲಿ ಕೊಡುವ ರಿಯಾಯಿತಿ ನಮ್ಮ ರಾಜ್ಯಕ್ಕೆ ಅಪರಿಚಿತವಲ್ಲ. ಅದೇ ತತ್ವವನ್ನು ಗಣಿ, ಭಟ್ಟಿ, ಕಟ್ಟಡ ಕಾಮಗಾರಿಗಳಿಗೂ ಅನ್ವಯಿಸಬೇಕು. ಕಟ್ಟಡ ಕಾರ್ಮಿಕರ ಕಲ್ಯಾಣ ನಿಧಿ ಇದಕ್ಕೆ ಒದಗಬಹುದಾದ ಒಂದು ಮೂಲ. ತಗಡಿನ ಮನೆಗಳ ಪಟ್ಟಿಯನ್ನು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ನೆರವಿನಿಂದ ಗ್ರಾಮ ಪಂಚಾಯಿತಿಗಳು ಶಿವರಾತ್ರಿಯೊಳಗೆ ಸಿದ್ಧಪಡಿಸಿದರೆ, ಸುಣ್ಣ ಬಳಿಯುವ ಕೆಲಸ ಬಿಸಿಲೇರುವ ಮುನ್ನ ಮುಗಿಯುತ್ತದೆ. ಕಾರ್ಯಕರ್ತೆಯರ ಈ ಹೆಚ್ಚುವರಿ ದುಡಿಮೆಗೆ ಗೌರವಧನ ಸಿಗಲೇಬೇಕು. ಕೂಲಿ ನಷ್ಟ ತುಂಬಲು ಹಣ ಮೀಸಲಿಡದ ಉಷ್ಣ ಕ್ರಿಯಾಯೋಜನೆಗೆ ಯಾವ ಜಿಲ್ಲಾಡಳಿತವೂ ಅನುಮೋದನೆ ಕೊಡಬಾರದು.