ಹಂದರ

ಧಾರವಾಡದ ಕಡೆ ಮದುವೆ ಮನೆಯ ಮುಂದೆ ಹಾಕುವುದು ಹಂದರ. ಮೈಸೂರು ಸೀಮೆಯವರಿಗೆ ಅದೇ ಚಪ್ಪರ. ಕಂಬ ನೆಟ್ಟು, ಅಡ್ಡಕ್ಕೆ ಗಳ ಕಟ್ಟಿ, ಮೇಲೆ ತೆಂಗಿನ ಗರಿಯನ್ನೋ ಮಾವಿನ ತಪ್ಪಲನ್ನೋ ಹೊದಿಸಿದರೆ ಹಂದರ ಆಯಿತು. ಹಿತ್ತಲಿನ ಹೀರೆ, ಅವರೆ, ಮಲ್ಲಿಗೆ ಬಳ್ಳಿಗೂ ಹಂದರ ಬೇಕು.

ಇದು ಅಚ್ಚ ದ್ರಾವಿಡ ಪದ. ತಮಿಳಿನಲ್ಲಿ ಪಂದಲ್, ತೆಲುಗಿನಲ್ಲಿ ಪಂದಿರಿ. ಪಾಲು ಹಾಲಾದಂತೆ, ಪೂವು ಹೂವಾದಂತೆ ಕನ್ನಡದಲ್ಲಿ ಪಕಾರ ಹಕಾರವಾಯಿತು.

ವಿಮರ್ಶಕರ ಕೈಯಲ್ಲಿ ಈ ಪದ 'ಕಥಾಹಂದರ'ವಾಯಿತು, ಅಂದರೆ ಘಟನೆಗಳ ಜೋಡಣೆ. ಹಂದರ ಹಾಕಿದ ಮಾತ್ರಕ್ಕೆ ಬಳ್ಳಿ ಹಬ್ಬುವುದಿಲ್ಲ, ಬೇರಿಗೆ ಜೀವವಿರಬೇಕು. ಕಥೆಯಲ್ಲಿ ಆ ಜೀವ ಪಾತ್ರದ ಒಳಗಿನ ತುಡಿತ.

ಗಿರೀಶ ಕಾರ್ನಾಡರ 'ಯಯಾತಿ'ಯನ್ನೇ ನೋಡಬಹುದು. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿದ ಈ ನಾಟಕದ ಹಂದರ ಮಹಾಭಾರತದ್ದು: ಶುಕ್ರಾಚಾರ್ಯರ ಶಾಪ, ಅಕಾಲ ಮುಪ್ಪು, ಮಗ ಪೂರು ಒಪ್ಪಿಸುವ ಯೌವನ. ಮೂಲದ ಯಯಾತಿ ಸಾವಿರ ವರ್ಷ ಸುಖಪಟ್ಟು, ಭೋಗದಿಂದ ಆಸೆ ತೀರದೆಂದು ಅರಿತು ಯೌವನವನ್ನು ಹಿಂದಿರುಗಿಸುತ್ತಾನೆ. ಕಾರ್ನಾಡರು ಪೂರುವಿಗೆ ಚಿತ್ರಲೇಖೆ ಎಂಬ ಹೆಂಡತಿಯನ್ನು ಸೃಷ್ಟಿಸಿದರು. ಹೊಸದಾಗಿ ಮದುವೆಯಾಗಿ ಬಂದವಳಿಗೆ ಕಾಣುವುದು ಮುಪ್ಪು ಹೊತ್ತ ಗಂಡ. ಈ ತ್ಯಾಗದಲ್ಲಿ ತನ್ನ ಬದುಕಿನ ಬಗ್ಗೆ ಯಾರೂ ಕೇಳಲಿಲ್ಲವಲ್ಲ ಎಂಬ ಸಿಟ್ಟು ಅವಳದು. ಅವಳು ವಿಷ ಕುಡಿಯುತ್ತಾಳೆ. ಆ ಸಾವಿನೆದುರು ಯಯಾತಿ ಮುಪ್ಪನ್ನು ಮರಳಿ ಪಡೆಯುತ್ತಾನೆ.

ಘಟನೆ ಅದೇ, ಕಾರಣ ಬೇರೆ. ನಾಟಕ ಹೊಸದಾದದ್ದು ಆ ಕಾರಣದಿಂದಲೇ. 'ಕಥಾಹಂದರ ಗಟ್ಟಿಯಾಗಿದೆ' ಎಂದು ಬರೆಯುವ ವಿಮರ್ಶಕರು ಪಾತ್ರ ಹಾಗೇಕೆ ನಡೆದುಕೊಂಡಿತು ಎಂಬುದನ್ನೂ ದಯವಿಟ್ಟು ಬರೆಯಲಿ.