"ಹುಡುಗ ಅಮೆರಿಕಾದಾಗ ಅದಾನ್ರೀ!"

ಕುಂದಗೋಳ ಇರಲಿ, ನವಲಗುಂದ ಇರಲಿ, ಮದುವೆ ಮಾತುಕತೆಯಲ್ಲಿ ಈ ಒಂದು ಮಾತು ಬಂತು ಅಂದ್ರೆ ಮುಂದಿನ ಪ್ರಶ್ನೆಗಳೆಲ್ಲ ಬಂದ್. ಊರಿನ ಹುಡುಗನಾದರೆ ಹೊಲ ಎಷ್ಟು, ಸಾಲ ಎಷ್ಟು, ಕುಡಿತಾನಾ ಅಂತ ಹತ್ತು ಮಂದಿಯನ್ನು ಕೇಳ್ತೀವಿ. ಸಮುದ್ರದಾಚೆ ಇರುವವನ ಬಗ್ಗೆ ಒಬ್ಬರನ್ನೂ ಕೇಳಲ್ಲ.

ಈ ಕಥೆ ಹೊಸದಲ್ಲ ನೋಡಿ. ನಾಗತಿಹಳ್ಳಿ ಚಂದ್ರಶೇಖರ್ ಅವರ 'ಅಮೆರಿಕಾ ಅಮೆರಿಕಾ' ತೆರೆಗೆ ಬಂದಿದ್ದು 1997ರಲ್ಲಿ. ಮೂವರು ಬಾಲ್ಯದ ಗೆಳೆಯರು. ಸೂರ್ಯ (ರಮೇಶ್ ಅರವಿಂದ್) ಇಲ್ಲೇ ಉಳಿಯುತ್ತಾನೆ. ಶಶಾಂಕ (ಅಕ್ಷಯ್ ಆನಂದ್) ಅಮೆರಿಕಾ ಸೇರುತ್ತಾನೆ. ಭೂಮಿಕಾ (ಹೇಮಾ) ಶಶಾಂಕನ ಕೈಹಿಡಿದು ವಿಮಾನ ಹತ್ತುತ್ತಾಳೆ. ಅಲ್ಲಿ ಮನೆ ಇದೆ, ಕಾರು ಇದೆ, ಆದರೆ ಮಾತಾಡುವವರಿಲ್ಲ. ಕನಸು ಒಂದೊಂದೇ ಒಡೆಯುತ್ತಾ ಹೋಗುತ್ತದೆ. ಕನ್ನಡದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ಹಾಡುಗಳಿಗೆ ಸಂಗೀತ ಕೊಟ್ಟ ಮನೋಮೂರ್ತಿ ಸ್ವತಃ ಅಮೆರಿಕಾವಾಸಿ.

ಸಿನಿಮಾ ಬಂದ ಕಾಲ ಗಮನಿಸಿ. ಅಮೆರಿಕಾ 1990ರ ಕಾಯ್ದೆಯಲ್ಲಿ ಎಚ್-1ಬಿ ವೀಸಾ ತಂದಿತ್ತು, ವರ್ಷಕ್ಕೆ 65,000ದ ಮಿತಿ. ಸಾಫ್ಟ್‌ವೇರ್ ಅಲೆ ಎದ್ದಮೇಲೆ 2001ರ ಹೊತ್ತಿಗೆ ಅದು 1,95,000 ಆಯಿತು. ಹಾಗೆ ಹೋದವರ ಹೆಂಡತಿಗೆ ಸಿಗುತ್ತಿದ್ದುದು ಎಚ್-4. ಅದರಲ್ಲಿ ದುಡಿಯುವ ಹಾಗಿರಲಿಲ್ಲ. 2015ರಲ್ಲಿ ಕೆಲವರಿಗಷ್ಟೇ ಅನುಮತಿ ಸಿಕ್ಕಿತು. ಅಂದರೆ ಇಲ್ಲಿ ಬಿಇ ಓದಿದ ಮಗಳು ಅಲ್ಲಿ ಹತ್ತು ಡಾಲರಿಗೂ ಗಂಡನ ಮುಖ ನೋಡಬೇಕು. ಗಂಡ ಒಳ್ಳೆಯವನಾದರೆ ಸರಿ. ಇಲ್ಲದಿದ್ದರೆ?

ನಾನೂ ಎಂಜಿನಿಯರಿಂಗ್ ಓದಿದವನೇ. ಜೊತೆಗೆ ಓದಿದ ಎಷ್ಟೋ ಜನ ಅಲ್ಲಿದ್ದಾರೆ, ಚೆನ್ನಾಗಿ ಸಂಸಾರ ಮಾಡುತ್ತಿದ್ದಾರೆ. ಹಾಗಾಗಿ ತಪ್ಪು ಅಮೆರಿಕಾದ್ದು ಅಂತ ನಾನು ಹೇಳಲ್ಲ. ತಪ್ಪು ನಮ್ಮ ಅವಸರದ್ದು.

ಕಾನೂನು ಏನನ್ನುತ್ತೆ? ತಿರುಪತಿಯಲ್ಲಿ ಹಿಂದೂ ಪದ್ಧತಿಯಂತೆ ಮದುವೆಯಾದವನೊಬ್ಬ ಮಿಸೌರಿ ಕೋರ್ಟಿನಲ್ಲಿ ವಿಚ್ಛೇದನ ತಂದಿದ್ದ. ಅದು ಇಲ್ಲಿ ನಡೆಯಲ್ಲ ಅಂತ 1991ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ಅನಿವಾಸಿಗಳ ಮದುವೆ ನೋಂದಣಿ ಕಡ್ಡಾಯ ಮಾಡುವ ಮಸೂದೆ 2019ರಲ್ಲಿ ರಾಜ್ಯಸಭೆಗೆ ಬಂತು. ಸಮಗ್ರ ಕಾನೂನೇ ಬೇಕು ಅಂತ 2024ರಲ್ಲಿ ಕಾನೂನು ಆಯೋಗ ಮತ್ತೆ ಹೇಳಬೇಕಾಯಿತು. ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಇಂಥ ದೂರುಗಳಿಗಾಗಿಯೇ ಒಂದು ಎನ್‌ಆರ್‌ಐ ಘಟಕ ಇದೆ. ಅಣ್ಣಿಗೇರಿಯ ಎಷ್ಟು ತಂದೆತಾಯಿಗೆ ಇದು ಗೊತ್ತು?

ಅಪ್ಪಂದಿರೇ, ವೀಸಾ ಯಾವುದು, ಕಂಪನಿ ಯಾವುದು, ಮೊದಲೇ ಮದುವೆ ಆಗಿದೆಯಾ ಅಂತ ಬಾಯಿಬಿಟ್ಟು ಕೇಳಿ. ಮದುವೆಯನ್ನು ಇಲ್ಲೇ ನೋಂದಣಿ ಮಾಡಿಸಿ. ಹುಡುಗನ ಪಾಸ್‌ಪೋರ್ಟ್ ಪ್ರತಿ ಇಟ್ಟುಕೊಳ್ಳಿ. ಬೀಗರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ಮೊಮ್ಮಗುವಿಗೆ ಕಲಘಟಗಿಯ ಬಣ್ಣದ ತೊಟ್ಟಿಲು ತರುವಾಗ ಕಟ್ಟಿಗೆ ಗಟ್ಟಿ ಇದೆಯಾ ಅಂತ ಬಡಿದು ನೋಡ್ತೀವಲ್ಲ, ಮಗಳನ್ನು ಕೊಡುವಾಗ ಯಾಕೆ ನೋಡಬಾರದು?