ಹಳೆಯ ಕಾರಿಗೆ ಹೊಸ ಫೋನಿನ ಹಾಡು

ಇಪ್ಪತ್ತೈದು ವರ್ಷ ಹಳೆಯ ಕಾರೊಂದರಲ್ಲಿ ನೀವು ಕುಳಿತಿದ್ದೀರಿ ಎಂದುಕೊಳ್ಳಿ. ಅದರಲ್ಲಿ ರೇಡಿಯೊ ಇದೆ, ಕ್ಯಾಸೆಟ್ ತೂರಿಸುವ ಕಿಂಡಿ ಇದೆ. ಬ್ಲೂಟೂತ್ ಇಲ್ಲ, ಪೆನ್‌ಡ್ರೈವ್ ಸಿಕ್ಕಿಸಲು ಜಾಗವೂ ಇಲ್ಲ. ಚಾಲಕರು ಹೆಬ್ಬೆರಳಿಗಿಂತ ತುಸು ದೊಡ್ಡದಾದ ಸಾಧನವೊಂದನ್ನು ಸಿಗರೇಟ್ ಲೈಟರ್‌ನ ಕುಳಿಗೆ ಸಿಕ್ಕಿಸಿ, ರೇಡಿಯೊದಲ್ಲಿ ಯಾವ ನಿಲಯವೂ ಇಲ್ಲದ ಒಂದು ಜಾಗಕ್ಕೆ ಮುಳ್ಳನ್ನು ತಿರುಗಿಸುತ್ತಾರೆ. ನಿಮ್ಮ ಕಿಸೆಯಲ್ಲಿರುವ ಫೋನಿನ ಹಾಡು ಕಾರಿನ ಸ್ಪೀಕರುಗಳಲ್ಲಿ ಕೇಳತೊಡಗುತ್ತದೆ! ಸ್ಮಾರ್ಟ್‌ಫೋನು ಬಳಕೆಗೆ ಬರುವ ಮುನ್ನವೇ ತಯಾರಾದ ರೇಡಿಯೊಗೆ ಅದರ ಹಾಡು ತಲುಪಿದ್ದು ಹೇಗೆ? ಇದನ್ನು ತಿಳಿಯಲು ಸುಮಾರು ಒಂದು ಶತಮಾನ ಹಿಂದಕ್ಕೆ ಹೋಗಬೇಕು.

ಕಿಡಿಯ ಗದ್ದಲ

1930ರಲ್ಲಿ ಅಮೆರಿಕದ ಪಾಲ್ ಗಾಲ್ವಿನ್ ಅವರ ಕಂಪನಿ ಕಾರಿನಲ್ಲಿ ಅಳವಡಿಸಬಹುದಾದ ರೇಡಿಯೊವನ್ನು ಮಾರುಕಟ್ಟೆಗೆ ತಂದಿತು. ಅದರ ಹೆಸರು ಮೋಟೊರೋಲಾ. ಮುಂದೆ ಕಂಪನಿಗೂ ಅದೇ ಹೆಸರಾಯಿತು. ಆಗಿನ ಪ್ರಸಾರವೆಲ್ಲ ಎ.ಎಂ. ವಿಧಾನದ್ದು. ಇದರಲ್ಲಿ ಧ್ವನಿಗೆ ತಕ್ಕಂತೆ ವಾಹಕ ತರಂಗದ ಪಾರ, ಅಂದರೆ ತರಂಗದ ಎತ್ತರ, ಬದಲಾಗುತ್ತದೆ. ಕಾರಿನ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿದಾಗಲೆಲ್ಲ ರೇಡಿಯೊ ತರಂಗಗಳು ಹೊಮ್ಮುತ್ತವೆ. ಸಿಡಿಲಿನಿಂದಲೂ ಹಾಗೆಯೇ. ಇವು ಬಂದು ಸೇರಿದಾಗ ತರಂಗದ ಎತ್ತರ ಏರುಪೇರಾಗಿ ಹಾಡಿನ ಜೊತೆಗೆ ಕರಕರ ಸದ್ದೂ ಕೇಳುತ್ತದೆ.

ಇದಕ್ಕೆ ಪರಿಹಾರ ಕಂಡುಕೊಂಡವರು ಅಮೆರಿಕದ ಎಂಜಿನಿಯರ್ ಎಡ್ವಿನ್ ಆರ್ಮ್‌ಸ್ಟ್ರಾಂಗ್. 1933ರಲ್ಲಿ ಅವರಿಗೆ ಪೇಟೆಂಟ್ ದೊರೆತ ವಿಧಾನದಲ್ಲಿ ತರಂಗದ ಎತ್ತರ ಬದಲಾಗುವುದಿಲ್ಲ. ಅದರ ಆವೃತ್ತಿ ಮಾತ್ರ ಧ್ವನಿಗೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತದೆ. ಇದೇ ಎಫ್.ಎಂ. ಗ್ರಾಹಕವು ಎತ್ತರದಲ್ಲಾದ ಏರುಪೇರನ್ನು ಕತ್ತರಿಸಿ ಎಸೆದು, ಆವೃತ್ತಿಯ ಬದಲಾವಣೆಯನ್ನಷ್ಟೇ ಓದುತ್ತದೆ. ಗದ್ದಲದ ಬಹುಪಾಲು ಹೀಗೆ ಕಳೆದುಹೋಗುತ್ತದೆ.

ಆದರೆ ಆರ್ಮ್‌ಸ್ಟ್ರಾಂಗ್ ಅವರ ಹಾದಿ ಸುಗಮವಾಗಿರಲಿಲ್ಲ. ಮೊದಲು 42ರಿಂದ 50 ಮೆಗಾಹರ್ಟ್ಸ್ ನಡುವೆ ಇದ್ದ ಎಫ್.ಎಂ. ಪ್ರಸಾರವನ್ನು ಅಮೆರಿಕ ಸರ್ಕಾರ 1945ರಲ್ಲಿ 88 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ ಸ್ಥಳಾಂತರಿಸಿತು. ಜನ ಆಗಲೇ ಕೊಂಡಿದ್ದ ಲಕ್ಷಾಂತರ ರೇಡಿಯೊಗಳು ಕೆಟ್ಟಿರಲಿಲ್ಲ, ಆದರೂ ನಿರುಪಯುಕ್ತವಾದವು. ಪೇಟೆಂಟ್ ಮೊಕದ್ದಮೆಗಳಲ್ಲಿ ಹಣವನ್ನೂ ನೆಮ್ಮದಿಯನ್ನೂ ಕಳೆದುಕೊಂಡ ಆರ್ಮ್‌ಸ್ಟ್ರಾಂಗ್ 1954ರಲ್ಲಿ ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡರು. ಮೊಕದ್ದಮೆಗಳನ್ನು ಮುಂದುವರಿಸಿದವರು ಪತ್ನಿ ಮೇರಿಯನ್. ಕೊನೆಯ ಗೆಲುವು ಬಂದದ್ದು 1967ರಲ್ಲಿ, ಅದೂ ಕಾರಿಗೆ ರೇಡಿಯೊ ತಂದ ಮೋಟೊರೋಲಾ ಕಂಪನಿಯ ವಿರುದ್ಧ.

ಭಾರತದಲ್ಲಿ ಆಕಾಶವಾಣಿಯ ಎಫ್.ಎಂ. ಪ್ರಸಾರ 1977ರಲ್ಲಿ ಮದರಾಸಿನಲ್ಲಿ ಆರಂಭವಾಯಿತು. ದೇಶದ ಮೊದಲ ಖಾಸಗಿ ಎಫ್.ಎಂ. ನಿಲಯ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ, 2001ರ ಜುಲೈ 3ರಂದು.

ಕ್ಯಾಸೆಟ್ಟಿನ ಕಿಂಡಿ

ಕಾರಿನ ಎರಡನೆಯ ಬಾಗಿಲು ಕ್ಯಾಸೆಟ್. ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್‌ನಲ್ಲಿ ಇದನ್ನು ಮೊದಲು ಪ್ರದರ್ಶಿಸಿತು. ಟೇಪಿನಲ್ಲಿ ಹಾಡು ಇರುವುದು ಕಾಂತೀಯ ಗುರುತುಗಳ ರೂಪದಲ್ಲಿ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಹೆಡ್‌ನ ಮುಂದೆ ಸಾಗುವಾಗ ಕಾಂತಕ್ಷೇತ್ರ ಬದಲಾಗಿ, ಹೆಡ್‌ನ ಸುರುಳಿಯಲ್ಲಿ ವಿದ್ಯುತ್ ಪ್ರೇರಿತವಾಗುತ್ತದೆ. ನೀವು ತರಗತಿಯಲ್ಲಿ ಓದಿದ ಫ್ಯಾರಡೆ ನಿಯಮವೇ ಇದು.

ಹಾಗಾದರೆ ಟೇಪೇ ಬೇಕೇ? ಬದಲಾಗುವ ಕಾಂತಕ್ಷೇತ್ರವಿದ್ದರೆ ಸಾಲದೇ? ಲ್ಯಾರಿ ಶಾಟ್ಜ್ ಅವರಿಗೆ 1988ರಲ್ಲಿ ಪೇಟೆಂಟ್ ದೊರೆತ ಅಡಾಪ್ಟರ್ ಈ ತತ್ತ್ವದ್ದು. ಕ್ಯಾಸೆಟ್ಟಿನ ಕವಚದೊಳಗೆ ಟೇಪಿನ ಬದಲು ಇನ್ನೊಂದು ಹೆಡ್ ಇರುತ್ತದೆ. ಸಂಗೀತದ ವಿದ್ಯುತ್ ಅದರಲ್ಲಿ ಹರಿದಾಗ ಉಂಟಾಗುವ ಕಾಂತಕ್ಷೇತ್ರವನ್ನು ಪ್ಲೇಯರ್‌ನ ಹೆಡ್ ಟೇಪಿನದೆಂದೇ ಗ್ರಹಿಸುತ್ತದೆ. ಮೊದಮೊದಲು ಇದಕ್ಕೆ ತಂತಿ ಬೇಕಿತ್ತು. ಮುಂದೆ ಅದೇ ಕವಚದೊಳಗೆ ಬ್ಲೂಟೂತ್ ಗ್ರಾಹಕವೂ ಪುಟ್ಟ ಬ್ಯಾಟರಿಯೂ ಸೇರಿದವು.

ಫೋನಿನ ಕಡೆಯ ಕೊಂಡಿ

ಬ್ಲೂಟೂತ್‌ನ ಕೆಲಸ 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಶುರುವಾಯಿತು. 1998ರಲ್ಲಿ ಐದು ಕಂಪನಿಗಳು ಕೂಡಿ ಇದನ್ನು ಎಲ್ಲರಿಗೂ ಒಂದೇ ಮಾನಕವಾಗಿಸಲು ಒಕ್ಕೂಟ ಕಟ್ಟಿದವು. ಇದು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ 79 ವಾಹಿನಿಗಳ ನಡುವೆ ಸೆಕೆಂಡಿಗೆ 1,600 ಬಾರಿ ಜಿಗಿಯುತ್ತಾ ಸಂದೇಶ ಕಳಿಸುತ್ತದೆ. ಒಂದು ವಾಹಿನಿಯಲ್ಲಿ ಅಡಚಣೆ ಇದ್ದರೂ ಮುಂದಿನದರಲ್ಲಿ ಕೆಲಸ ಸಾಗುತ್ತದೆ.

ಮೊದಲಲ್ಲಿ ಇದು ಮಾತಿಗಷ್ಟೇ ಸಾಕಾಗಿತ್ತು. ಲೆಕ್ಕ ನೋಡಿ: ಸಿ.ಡಿ.ಯ ಸಂಗೀತಕ್ಕೆ ಸೆಕೆಂಡಿಗೆ 44,100 × 16 × 2, ಅಂದರೆ 14,11,200 ಬಿಟ್‌ಗಳು ಬೇಕು. ಆಗಿನ ಬ್ಲೂಟೂತ್‌ನ ಒಟ್ಟು ಸಾಮರ್ಥ್ಯವೇ 10 ಲಕ್ಷ. ಆದ್ದರಿಂದ ಸಂಗೀತವನ್ನು ಸಂಕುಚಿಸಿ ಕಳಿಸುವ ನಿಯಮಾವಳಿ 2003ರಲ್ಲಿ ಬಂತು. ಇದರಲ್ಲಿ ಉತ್ತಮ ಗುಣಮಟ್ಟಕ್ಕೂ ಸುಮಾರು 3.3 ಲಕ್ಷ ಬಿಟ್ ಸಾಕು.

ಎರಡು ಜಿಗಿತ

ಲೈಟರ್ ಕುಳಿಯ ಸಾಧನ ಮಾಡುವುದಿಷ್ಟು. ಸುಮಾರು 12.5 ಸೆಂಟಿಮೀಟರ್ ತರಂಗಾಂತರದ ಬ್ಲೂಟೂತ್ ಸಂದೇಶವನ್ನು ಫೋನಿನಿಂದ ಪಡೆದು, ಅದನ್ನು ಬಿಡಿಸಿ, ಸುಮಾರು 3 ಮೀಟರ್ ತರಂಗಾಂತರದ ಎಫ್.ಎಂ. ತರಂಗಕ್ಕೆ ಏರಿಸಿ ಕಳಿಸುತ್ತದೆ. ಕಾರಿನ ರೇಡಿಯೊಗೆ ಇದು ಇನ್ನೊಂದು ನಿಲಯ, ಅಷ್ಟೆ! ಪಕ್ಕದವರಿಗೆ ತೊಂದರೆಯಾಗದಂತೆ ಇದರ ಶಕ್ತಿ ತೀರಾ ಕಡಿಮೆ ಇರಬೇಕು. ಬ್ರಿಟನ್ 2006ರಲ್ಲಿ ಇಂತಹ ಸಾಧನಗಳಿಗೆ ಅನುಮತಿ ನೀಡಿದಾಗ ವಿಧಿಸಿದ ಮಿತಿ 50 ನ್ಯಾನೊವ್ಯಾಟ್. ಒಂದೇ ಆವೃತ್ತಿಯಲ್ಲಿ ಎರಡು ಎಫ್.ಎಂ. ಸಂಕೇತಗಳು ಬಂದರೆ ಗ್ರಾಹಕ ಪ್ರಬಲವಾದುದನ್ನು ಮಾತ್ರ ಹಿಡಿಯುತ್ತದೆ. ಆದ್ದರಿಂದಲೇ ಹೆದ್ದಾರಿಯಲ್ಲಿ ಚೆನ್ನಾಗಿ ಕೇಳುತ್ತಿದ್ದ ಹಾಡನ್ನು ನಗರ ಹತ್ತಿರವಾದಂತೆ ಯಾವುದೋ ನಿಲಯ ಕಸಿದುಕೊಳ್ಳಬಹುದು.

1945ರಲ್ಲಿ ಮಾನಕ ಬದಲಾದಾಗ ಸುಸ್ಥಿತಿಯಲ್ಲಿದ್ದ ರೇಡಿಯೊಗಳು ಮೂಲೆಗೆ ಸೇರಿದವು. ಆಮೇಲೆ ಮಾನಕ ನಿಂತಲ್ಲೇ ನಿಂತದ್ದರಿಂದ ಹಳೆಯ ರೇಡಿಯೊ ಇಂದಿನ ಫೋನಿಗೂ ಕಿವಿಗೊಡುತ್ತಿದೆ. ಒಂದು ಉಪಕರಣದ ಆಯುಸ್ಸು ಅದರ ಬಿಡಿಭಾಗಗಳ ಗಟ್ಟಿತನದಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಅದು ನಂಬಿದ ಮಾನಕವನ್ನು ನಾವು ಎಷ್ಟು ಕಾಲ ಉಳಿಸಿಕೊಳ್ಳುತ್ತೇವೆ ಎಂಬುದರಿಂದಲೂ ನಿರ್ಧಾರವಾಗುತ್ತದೆ. ಕಸದ ರಾಶಿಗೆ ಸೇರುವ ಎಲೆಕ್ಟ್ರಾನಿಕ್ ವಸ್ತುಗಳ ಬಗ್ಗೆ ಮಾತಾಡುವಾಗ ಇದನ್ನು ಮರೆಯಬಾರದು.

ನೀವೇ ಪರೀಕ್ಷಿಸಿ: ನಿಂತ ಕಾರಿನಲ್ಲಿ ಈ ಸಾಧನವನ್ನು ಚಾಲೂ ಮಾಡಿ, ಪುಟ್ಟ ಎಫ್.ಎಂ. ರೇಡಿಯೊವೊಂದನ್ನು ಹಿಡಿದು ನಿಧಾನವಾಗಿ ದೂರ ನಡೆಯಿರಿ. ಹಾಡು ಮೆಲ್ಲಮೆಲ್ಲನೆ ಕ್ಷೀಣಿಸುತ್ತದೆಯೇ, ಅಥವಾ ಒಂದು ದೂರದವರೆಗೆ ಸ್ಪಷ್ಟವಾಗಿದ್ದು ಥಟ್ಟನೆ ಗದ್ದಲದಲ್ಲಿ ಮುಳುಗುತ್ತದೆಯೇ? ಕಂಡದ್ದನ್ನು ಬರೆದಿಡಿ, ಕಾರಣವನ್ನು ತರಗತಿಯಲ್ಲಿ ಚರ್ಚಿಸಿ.